ಕಂಕುಳಲ್ಲಿ ಹಾಲು

ನನ್ನ ಬಲಗಡೆ ಕಂಕುಳಲ್ಲಿ ಏನೋ ಇದೆ ಅಂತ ಮೊದಲು ಗಮನಿಸಿದ್ದು ನಮ್ಮೂರಿನ ಟೈಲರ್ ಅಕ್ಕ. ಎಸ್ಸೆಸ್ಸೆಲ್ಸಿ ಮುಗಿದ ರಜೆ. ಚಿಕ್ಕಪ್ಪನ ಮದುವೆಗೆ ಮೊದಲ ಸಲ ಸೀರೆ ಉಡುವ ಸಂಭ್ರಮ. ಅಕ್ಕ ಟೇಪು ಹಿಡಿದು ಬಲಗಡೆ ಅಳೆದರು, ಎಡಗಡೆ ಅಳೆದರು, ಮತ್ತೆ ಬಲಗಡೆಗೇ ಬಂದರು. "ಇಲ್ಲಿ ಸ್ವಲ್ಪ ತುಂಬ್ಕೊಂಡಿದೆ ಕಣಮ್ಮ. ಅರ್ಧ ಇಂಚು ಜಾಸ್ತಿ ಬಿಡ್ತೀನಿ, ಇಲ್ಲಾಂದ್ರೆ ಕೈ ಎತ್ತಿದ ತಕ್ಷಣ ಹೊಲಿಗೆ ಬಿಡುತ್ತೆ" ಅಂದರು. ಅಳತೆ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ "ಬ.ಕಂ. ½ ಜಾ." ಅಂತ ಬರೆದುಕೊಂಡರು. ಅದಕ್ಕೊಂದು ಸರಿಯಾದ ಹೆಸರು ಸಿಗೋಕೆ ಇನ್ನೂ 13 ವರ್ಷ ಹಿಡಿಯಿತು.

ಅಮ್ಮನ ಪ್ರಕಾರ ಅದು ಕೊಬ್ಬು. ಹಾಸ್ಟೆಲ್ಲಿನ ಗೆಳತಿಯರ ಪ್ರಕಾರವೂ ಕೊಬ್ಬು. ನಾನೂ ಹಾಗೇ ಅಂದುಕೊಂಡು ಒಂದು ವರ್ಷ ರಾತ್ರಿ ಊಟ ಬಿಟ್ಟೆ. ಆರು ಕೆಜಿ ಇಳಿದೆ. ಕೆನ್ನೆ ಒಳಗೆ ಹೋಯಿತು, ಸೊಂಟ ಸಣ್ಣಗಾಯಿತು, ಕಂಕುಳಿನದ್ದು ಮಾತ್ರ ಕೂತ ಜಾಗದಿಂದ ಅಲ್ಲಾಡಲಿಲ್ಲ. ಮುಟ್ಟು ಹತ್ತಿರ ಬಂದಾಗ ಅಲ್ಲಿ ಒಂಥರಾ ಭಾರ, ಬ್ಯಾಗಿನ ಪಟ್ಟಿ ತಾಗಿದರೂ ನೋವು. ಮುಟ್ಟಾದ ಮೇಲೆ ಏನೂ ಇಲ್ಲ. ಕೊಬ್ಬಿಗೆ ತಿಂಗಳ ಲೆಕ್ಕ ಹೇಗೆ ಗೊತ್ತಾಗುತ್ತೆ ಅಂತ ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

2019ರ ಮಾರ್ಚಿನಲ್ಲಿ ಹಾಸನದಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ನಾರ್ಮಲ್. ಮೂರನೇ ದಿನ ಡಿಸ್ಚಾರ್ಜ್ ಆಗಿ ಚನ್ನರಾಯಪಟ್ಟಣದ ಹತ್ತಿರದ ತವರಿಗೆ ಬಂದೆವು. ಅದೇ ರಾತ್ರಿ ಹಾಲು ಇಳಿಯಿತು. ಎದೆ ಕಲ್ಲಿನಂತಾಗುತ್ತೆ ಅಂತ ಸಿಸ್ಟರ್ ಮೊದಲೇ ಹೇಳಿ ಕಳಿಸಿದ್ದರು. ಕಂಕುಳಿನ ವಿಷಯ ಯಾರೂ ಹೇಳಿರಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಮಗು ಎತ್ತಿಕೊಳ್ಳಲು ಹೋದರೆ ಬಲಗೈ ಮೈಗೆ ಹತ್ತಿಕೊಳ್ಳುತ್ತಲೇ ಇಲ್ಲ, ಮಧ್ಯೆ ಏನೋ ಸಿಕ್ಕಿಕೊಂಡ ಹಾಗೆ. ಲೈಟ್ ಹಾಕಿ, ಕನ್ನಡಿ ಮುಂದೆ ನಿಂತು ಕೈ ಎತ್ತಿದೆ. ನಿಂಬೆಹಣ್ಣಿಗಿಂತ ದಪ್ಪ, ಮೋಸಂಬಿಗಿಂತ ಸಣ್ಣದೊಂದು ಉಬ್ಬು. ಮುಟ್ಟಿದರೆ ಒಳಗೆ ಕಡಲೆಕಾಯಿ ತುಂಬಿದ ಚೀಲದ ಹಾಗೆ ಗಂಟು ಗಂಟು. ಎಡಗಡೆಯೂ ಇತ್ತು, ಅಡಿಕೆಯಷ್ಟು. ಚರ್ಮ ಬಿಗಿದು ಹೊಳೆಯುತ್ತಿತ್ತು, ಆದರೆ ಕೆಂಪಾಗಿರಲಿಲ್ಲ. ಜ್ವರವೂ ಇರಲಿಲ್ಲ. ಈ ಎರಡು ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಅಜ್ಜಿಗೆ ಅಂಜಿಕೆಯೇ ಇಲ್ಲ. "ಗಂಟು ಕಟ್ಟಿದೆ, ಒತ್ತಿ ಕರಗಿಸ್ತೀನಿ ಬಾ" ಅಂದರು. ಬಾಣಂತಿ ನೀರಿಗೆ ಹೇಗಿದ್ದರೂ ಹಂಡೆ ಕಾಯುತ್ತಿತ್ತು. ಬಿಸಿ ಹರಳೆಣ್ಣೆ ಹಚ್ಚಿ, ಹೆಬ್ಬೆರಳಿನಲ್ಲಿ ಕಂಕುಳಿನಿಂದ ಎದೆ ಕಡೆಗೆ ಒತ್ತಿ ಒತ್ತಿ ಎಳೆದರು. ನಾನು ಗೋಡೆ ಹಿಡಿದುಕೊಂಡು ನಿಂತಿದ್ದೆ. ಮೇಲೆ ಬಿಸಿ ಬಟ್ಟೆಯ ಶಾಖ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಎರಡು ದಿನ. ಮೋಸಂಬಿಗಿಂತ ಸಣ್ಣದಿದ್ದದ್ದು ಮೋಸಂಬಿಯೇ ಆಯಿತು. ಅಜ್ಜಿಯನ್ನು ಬೈಯುವ ಹಾಗಿಲ್ಲ. ಎದೆಯಲ್ಲಿ ಹಾಲು ಕಟ್ಟಿದಾಗ ಅವರು ಹಾಗೇ ಎಷ್ಟೋ ಬಾಣಂತಿಯರಿಗೆ ಮಾಡಿದ್ದರು. ಎದೆಯಿಂದ ಹಾಲು ಹೊರಗೆ ಬರೋಕೆ ದಾರಿ ಇರುತ್ತೆ. ನನ್ನ ಕಂಕುಳಿನದಕ್ಕೆ ದಾರಿಯೇ ಇರಲಿಲ್ಲ.

ಆರನೇ ದಿನ ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಹೆಸರು ಬೇಡ. ಡಾಕ್ಟರು ಒಂದು ನಿಮಿಷ ನೋಡಿದರು, ಬೆರಳಲ್ಲಿ ಒಂದು ಸಲ ಒತ್ತಿದರು. "ಕೀವು ಗಂಟು. ಆ್ಯಂಟಿಬಯೋಟಿಕ್ ಕೊಡ್ತೀನಿ. ಎರಡು ದಿನದಲ್ಲಿ ಇಳೀದಿದ್ರೆ ಕುಯ್ದು ಕೀವು ತೆಗೆಯೋಣ. ಆ ಕಡೆ ಹಾಲು ಕೊಡೋದು ನಿಲ್ಸಿ" ಅಂದರು. ಜ್ವರ ಇದೆಯಾ ಅಂತ ಕೇಳಲಿಲ್ಲ. ಇನ್ನೊಂದು ಕಡೆ ತೋರಿಸಿ ಅನ್ನಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ. ಕೈ ಎತ್ತಿ ಕಂಕುಳು ತೋರಿಸಿಕೊಂಡು ಕೂತಿರುವ ಆ ಭಂಗಿಯಲ್ಲಿ ಮಾತೇ ಹೊರಡಲ್ಲ, ಅಲ್ವಾ? ದಾರಿಯುದ್ದಕ್ಕೂ ಅಮ್ಮ "ಆರು ದಿನದ ಬಾಣಂತಿಗೆ ಕತ್ತರಿ" ಅಂತ ಗೊಣಗುತ್ತಲೇ ಬಂದರು.

ಮಾರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಹೆರಿಗೆಯಾಗಿ 3, 7, 14, 21, 28, 42ನೇ ದಿನಕ್ಕೆ ಮನೆಗೆ ಬಂದು ತಾಯಿ ಮಗು ಇಬ್ಬರನ್ನೂ ನೋಡಿ ಹೋಗುವುದು ಅವರ ಕೆಲಸದ ಲೆಕ್ಕ. ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ಹಾಕಿ ತೂಗಿದರು, ಹೊಕ್ಕುಳು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾಕಮ್ಮ ಕೈ ಹಂಗಿಟ್ಕೊಂಡಿದೀಯ, ಕಂಕುಳಲ್ಲಿ ಕೊಡ ಇಟ್ಕೊಂಡೋರ ಥರ?" ಅಂದರು. ತೋರಿಸಿದೆ. ಮೂರೇ ಪ್ರಶ್ನೆ ಕೇಳಿದರು. ಯಾವಾಗಿಂದ? ಎರಡೂ ಕಡೆ ಇದೆಯಾ? ಜ್ವರ ಬಂದಿತ್ತಾ? ಮಗುವಿಗೆ ಇಟ್ಟ ಥರ್ಮಾಮೀಟರನ್ನೇ ಒರೆಸಿ ನನಗೂ ಇಟ್ಟರು. 98.4. "ಇದು ಹಾಲಿನ ಜೊತೇಲೇ ಬಂದಿರೋದು. ನಾನು ಡಾಕ್ಟರಲ್ಲ. ಆದ್ರೆ ಇಂಥದ್ದು ಇನ್ನೊಬ್ಬರಿಗೂ ನೋಡಿದೀನಿ. ಕುಯ್ಸೋಕ್ ಮುಂಚೆ ಒಂದು ಸ್ಕ್ಯಾನ್ ಮಾಡ್ಸು."

ಆ ಮಾತು ಕೇಳಿ ಎಂಟನೇ ದಿನ ಹಾಸನಕ್ಕೆ ಹೋದೆವು. ಸರ್ಜನ್ ಹೆಂಗಸೇ ಆಗಿದ್ದರು, ಅರ್ಧ ಭಯ ಅಲ್ಲೇ ಹೋಯಿತು. ಮೊದಲು ಅಲ್ಟ್ರಾಸೌಂಡ್. ರೇಡಿಯಾಲಜಿಸ್ಟ್ ತಣ್ಣನೆಯ ಜೆಲ್ ಹಚ್ಚಿ ಮೊದಲು ಎದೆಯ ಮೇಲೆ ಆಡಿಸಿದರು, ಆಮೇಲೆ ಕಂಕುಳಿಗೆ ತಂದರು, ಮತ್ತೆ ಎದೆಗೆ ಹೋದರು. ಥೇಟ್ ಟೈಲರ್ ಅಕ್ಕನ ಹಾಗೆ. ಪರದೆ ನನ್ನ ಕಡೆ ತಿರುಗಿಸಿ, "ಎರಡೂ ಒಂದೇ ಥರ ಕಾಣ್ತಿದೆ ನೋಡಿ" ಅಂದರು. ನನಗೆ ಎರಡೂ ಮೋಡದ ಹಾಗೆ ಕಂಡವು. ಆದರೆ ಒಂದೇ ಥರದ ಮೋಡ ಅನ್ನುವುದು ಮಾತ್ರ ನಿಜ. ಕೀವು ಇಲ್ಲ. ಕಂಕುಳಿನ ಲಿಂಫ್ ಗ್ರಂಥಿಗಳು, ಅಂದರೆ ಸೋಂಕಾದಾಗ ಊದಿಕೊಳ್ಳುವ ಗಂಟುಗಳು, ಸರಿಯಾಗಿವೆ. ರಿಪೋರ್ಟಿನಲ್ಲಿ ಆಕ್ಸಿಲರಿ ಆಕ್ಸೆಸರಿ ಬ್ರೆಸ್ಟ್ ಟಿಶ್ಯೂ ಅಂತ ಬರೆದಿತ್ತು. ಕಂಕುಳಿನಲ್ಲಿರುವ ಹೆಚ್ಚುವರಿ ಸ್ತನ.

ಸರ್ಜನ್ ಚೀಟಿಯ ಹಿಂಬದಿಯಲ್ಲಿ ಒಂದು ಮನುಷ್ಯನ ಆಕಾರ ಗೀಚಿದರು. ಎರಡು ಕಂಕುಳಿನಿಂದ ಶುರುಮಾಡಿ, ಎದೆ ಹೊಟ್ಟೆ ದಾಟಿ, ತೊಡೆಸಂದಿನವರೆಗೆ ಎರಡು ಗೆರೆ ಎಳೆದರು. ಇದು ಹಾಲಿನ ಗೆರೆ. ತಾಯಿಯ ಹೊಟ್ಟೆಯಲ್ಲಿ ಭ್ರೂಣ ಐದಾರು ವಾರದ್ದಿರುವಾಗ, ಅಂದರೆ ಇನ್ನೂ ಒಂದು ಕಡಲೆಕಾಳಿನಷ್ಟಿರುವಾಗ, ಈ ಗೆರೆ ಮೂಡುತ್ತದೆ. ನಾಯಿ, ಬೆಕ್ಕು, ಹಂದಿಗೆ ಗೆರೆಯುದ್ದಕ್ಕೂ ಮೊಲೆ ಉಳಿಯುತ್ತವೆ. ಮನುಷ್ಯರಲ್ಲಿ ಎದೆಯ ಮೇಲಿನ ಒಂದು ಜೋಡಿ ಬಿಟ್ಟು ಮಿಕ್ಕಿದ್ದೆಲ್ಲ ಹುಟ್ಟುವ ಮೊದಲೇ ಅಳಿಸಿಹೋಗುತ್ತವೆ. ಕೆಲವರಲ್ಲಿ ಅಲ್ಲಲ್ಲಿ ಚೂರು ಅಳಿಸದೆ ಉಳಿಯುತ್ತದೆ. ಜಾಸ್ತಿ ಉಳಿಯುವುದು ಕಂಕುಳಲ್ಲೇ. ನೂರು ಹೆಂಗಸರಲ್ಲಿ ಎರಡರಿಂದ ಆರು ಜನಕ್ಕೆ ಇರಬಹುದು, ಗಂಡಸರಿಗೂ ಇರುತ್ತದೆ. ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ದೊಡ್ಡವಳಾದಾಗ, ಬಸುರಿಯಾದಾಗ, ಹಾಲು ಬಂದಾಗ ಎದೆಗೆ ಹೋಗುವ ಹಾರ್ಮೋನು ಇದಕ್ಕೂ ಹೋಗುತ್ತದೆ. ಆಗ ಎದ್ದು ಕೂರುತ್ತದೆ.

ಆಮೇಲೆ ಓದಿ ತಿಳಿದುಕೊಂಡೆ. ಕಯಾವ ಅನ್ನುವ ಫಿನ್ಲೆಂಡಿನ ವೈದ್ಯರು 1915ರಲ್ಲೇ ಇದನ್ನು ಎಂಟು ಬಗೆಯಾಗಿ ವಿಂಗಡಿಸಿದ್ದರು. ತೊಟ್ಟು, ಅದರ ಸುತ್ತಿನ ಕಪ್ಪು ವೃತ್ತ, ಒಳಗಿನ ಹಾಲಿನ ಗ್ರಂಥಿ ಎಲ್ಲ ಇರುವ ಪೂರ್ತಿ ಸ್ತನ ಮೊದಲನೆಯದು. ನನ್ನದು ನಾಲ್ಕನೆಯದು. ಗ್ರಂಥಿ ಮಾತ್ರ, ತೊಟ್ಟೂ ಇಲ್ಲ, ವೃತ್ತವೂ ಇಲ್ಲ. ಹಾಲು ತಯಾರಾಗುತ್ತದೆ, ಬಾಗಿಲಿಲ್ಲ. ಕೆಲವರಿಗೆ ಬರೀ ತೊಟ್ಟು ಮಾತ್ರ ಇರುತ್ತದಂತೆ, ಎದೆಯ ಕೆಳಗೆ ಎಲ್ಲೋ, ಜೀವನವಿಡೀ ಮಚ್ಚೆ ಅಂದುಕೊಂಡಿರುತ್ತಾರೆ.

ಚಿಕಿತ್ಸೆ ಕೇಳಿದರೆ ನಗು ಬರುವಷ್ಟು ಸುಲಭ. ಒತ್ತಬೇಡಿ, ತಿಕ್ಕಬೇಡಿ, ಶಾಖ ಕೊಡಬೇಡಿ. ಖಾಲಿ ಮಾಡಲು ನೋಡಿದಷ್ಟೂ ಗ್ರಂಥಿ "ಇನ್ನೂ ಬೇಕಂತೆ" ಅಂದುಕೊಂಡು ಹಾಲು ಮಾಡುತ್ತದೆ. ಸುಮ್ನೆ ಬಿಟ್ಟರೆ ತಾನೇ ಬತ್ತುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಅದು ಹಾಲು ಕುಡಿಸುವಾಗಲೂ ತೊಂದರೆಯಿಲ್ಲ. ಮಗುವಿಗೆ ಎರಡೂ ಕಡೆ ಹಾಲು ಕೊಡಿ. ಕಂಕುಳಿಗೆ ತಣ್ಣನೆಯ ಪಟ್ಟಿ, ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸು. ಕೆಂಪಾದರೆ, ಜ್ವರ ಬಂದರೆ ಮಾತ್ರ ತಕ್ಷಣ ಬನ್ನಿ.

ಐಸು! ನಮ್ಮ ಮನೆಯಲ್ಲಿ ಬಾಣಂತಿಗೆ ಫ್ಯಾನೂ ಇಲ್ಲ. ಮಾರ್ಚಿನ ಸೆಕೆಯಲ್ಲಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕುಡಿಯೋಕೆ ಬಿಸಿ ನೀರು. ಅಂಥ ಕೋಣೆಗೆ ಗಂಡ ಫ್ರಿಜ್ಜಿನಿಂದ ಐಸಿನ ಟ್ರೇ ಹಿಡಿದು ಬಂದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಬಾಣಂತಿ ಮೈಗೆ ಥಂಡಿ ತಾಗಿಸ್ತೀರಾ? ನಂಜಾದ್ರೆ ನಿಮ್ಮ ಡಾಕ್ಟರಮ್ಮ ಬರ್ತಾರಾ?" ಅಮ್ಮ ಎರಡೂ ಕಡೆ ನೋಡುತ್ತಾ ನಿಂತರು. ನಾನು ಆ ಚೀಟಿ ತೆಗೆದು ಹಿಂಬದಿಯ ಚಿತ್ರ ತೋರಿಸಿದೆ. ಕಂಕುಳಿನಿಂದ ತೊಡೆಯವರೆಗಿನ ಗೆರೆ, ನಾಯಿ, ಬೆಕ್ಕು, ಎಲ್ಲ ಹೇಳಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಗೌರಿಗೂ ಐದನೇದಿತ್ತಲ್ಲ" ಅಂದರು.

ಗೌರಿ ನಮ್ಮ ಹಸು. ನಾನು ಚಿಕ್ಕವಳಿದ್ದಾಗ ಇತ್ತು. ಕೆಚ್ಚಲಿನ ಹಿಂದೆ, ನಾಲ್ಕು ತೊಟ್ಟಿನ ಜೊತೆ ಕಿರುಬೆರಳಿನ ಉಗುರಿನಷ್ಟು ಇನ್ನೊಂದು. ಕರುವಾಗಿದ್ದಾಗಲೇ ತೆಗೆಸಿಬಿಡಿ ಅಂತ ಹೇಳಿದ್ದರಂತೆ, ತಾತ ಕೇಳಿರಲಿಲ್ಲ. ಹಸುಗಳಲ್ಲಿ ಇದು ಮಾಮೂಲಿ. ಹಾಲು ಕರೆಯುವವರಿಗೆಲ್ಲ ಗೊತ್ತಿರುವ ವಿಷಯ. "ಅದನ್ನ ಯಾವತ್ತೂ ಕರೀತಿರ್ಲಿಲ್ಲ ನಾವು. ಕರೆಯೋಕ್ ಹೋದ್ರೆ ಊದ್ಕೊಳೋದು" ಅಂದರು ಅಜ್ಜಿ. ಡಾಕ್ಟರು ಹೇಳಿದ್ದನ್ನೇ ಅವರೂ ಹೇಳಿದ್ದು. ಆದರೂ ಐಸಿಗೆ ಒಪ್ಪಲಿಲ್ಲ. ಮಡಕೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಒಪ್ಪಿದರು, ಅದೂ ಅವರು ಅಡುಗೆಮನೆಯಲ್ಲಿದ್ದಾಗ. ಗಂಡ ಗುಟ್ಟಾಗಿ ಆ ನೀರಿಗೆ ಎರಡು ಐಸು ಹಾಕುತ್ತಿದ್ದರು.

ಮಲ್ಲಿಗೆಯ ಪ್ರಸಂಗವೂ ಒಂದಿದೆ. ಪಕ್ಕದ ಮನೆಯವರು "ಮಲ್ಲಿಗೆ ಕಟ್ಟಿದ್ರೆ ಹಾಲು ಬತ್ತುತ್ತೆ" ಅಂತ ಒಂದು ಮಾರು ಹೂ ತಂದುಕೊಟ್ಟರು, ಕಂಕುಳಿಗೆ ಕಟ್ಟಿಕೋ ಅಂತ. ಫೋನಿನಲ್ಲಿ ಸರ್ಜನ್ ಹತ್ತಿರ ಕೇಳಿದೆ, ನಗುತ್ತಾರೇನೋ ಅಂತ ಅಂಜಿಕೊಂಡೇ. ನಗಲಿಲ್ಲ. ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರೆ ಹಾಲು ಕಡಿಮೆಯಾಗುತ್ತದೆ ಅನ್ನುವುದನ್ನು ವೆಲ್ಲೂರಿನ ವೈದ್ಯರೇ ಹಾಲು ನಿಲ್ಲಿಸುವ ಮಾತ್ರೆಯ ಜೊತೆ ಹೋಲಿಸಿ ನೋಡಿ 1988ರಲ್ಲಿ ಪ್ರಕಟಿಸಿದ್ದಾರಂತೆ. ಅದಕ್ಕೇ ಬೇಡ ಅಂದರು. ಕಂಕುಳಿನದು ಬತ್ತಲಿ ಅಂತ ಹೋಗಿ ಮಗುವಿನ ಹಾಲೂ ಕಡಿಮೆಯಾದರೆ? ಆ ಹೂ ದೇವರಿಗೆ ಹೋಯಿತು.

ಹನ್ನೊಂದು ದಿನಕ್ಕೆ ಇಳಿಯಿತು. ಮೋಸಂಬಿ, ನಿಂಬೆಹಣ್ಣು, ಅಡಿಕೆ. ಆಮೇಲೆ ಹಳೆಯ ಅರ್ಧ ಇಂಚು.

ಇಲ್ಲಿಗೇ ಬಿಟ್ಟಿದ್ದರೆ ಬಿಡಬಹುದಿತ್ತು. ಆದರೆ ಮಗಳು ಹಾಲು ಬಿಟ್ಟ ಮೇಲೆ ತಿಂಗಳ ನೋವು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು. ಮುಟ್ಟಿಗೆ ನಾಲ್ಕು ದಿನ ಮುಂಚೆ ಬಲಗಡೆ ಮಗ್ಗುಲಾಗಿ ಮಲಗುವ ಹಾಗಿಲ್ಲ. ಬ್ರಾ ಅಂಚು ಅದೇ ಜಾಗದಲ್ಲಿ ಕೊರೆಯುತ್ತಿತ್ತು. 2021ರಲ್ಲಿ ದೊಡ್ಡಮ್ಮ ಸ್ತನ ಕ್ಯಾನ್ಸರಿನಿಂದ ಹೋದರು. ತಿಥಿ ಮುಗಿಸಿ ಬಂದ ರಾತ್ರಿ ನನ್ನ ಕೈ ತಾನಾಗಿ ಕಂಕುಳಿಗೆ ಹೋಯಿತು.

ಆಗ ನಾವು ಮೈಸೂರಿಗೆ ಬಂದಿದ್ದೆವು. ಅಲ್ಲಿನ ಸರ್ಜನ್ ಹತ್ತಿರ ಒಂದೇ ಪ್ರಶ್ನೆ ಕೇಳಿದೆ. ಇದಕ್ಕೂ ಬರುತ್ತಾ? ಬರಬಹುದು ಅಂದರು. ಸ್ತನಕ್ಕೆ ಏನೇನು ಬರುತ್ತೋ ಎಲ್ಲ ಇದಕ್ಕೂ ಬರಬಹುದು. ನೀರು ತುಂಬಿದ ಸಿಸ್ಟು, ಫೈಬ್ರೋಅಡಿನೋಮಾ ಅನ್ನುವ ಜಾರುವ ಗಂಟು, ಸೋಂಕು, ಅಪರೂಪಕ್ಕೆ ಕ್ಯಾನ್ಸರ್. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಇಂಥ ಜಾಗದಲ್ಲಿ ಶುರುವಾಗುವುದು ಶೇ. 1ಕ್ಕಿಂತ ಕಡಿಮೆ. ಇದು ಇದೆ ಅನ್ನುವ ಒಂದೇ ಕಾರಣಕ್ಕೆ ಭಯಪಟ್ಟು ತೆಗೆಸಿಕೊಳ್ಳಬೇಕಾಗಿಲ್ಲ. ತೊಂದರೆ ಬೇರೆ ಕಡೆ ಇದೆ. ಬಂದರೆ ತಡವಾಗಿ ಗೊತ್ತಾಗುತ್ತದೆ. ಹೆಂಗಸರು ಎದೆ ನೋಡಿಕೊಳ್ಳುತ್ತಾರೆ, ಕಂಕುಳಿನ ಉಬ್ಬನ್ನು ಕೊಬ್ಬು ಅಂತ ಬಿಡುತ್ತಾರೆ. ಡಾಕ್ಟರುಗಳೂ ಕೊಬ್ಬಿನ ಗಡ್ಡೆ, ಲಿಂಫ್ ಗ್ರಂಥಿ, ಟಿಬಿ ಗಂಟು ಅಂತ ಸುತ್ತಿ ಬರುತ್ತಾರೆ. ಮ್ಯಾಮೋಗ್ರಾಮ್ ಚಿತ್ರದಲ್ಲೂ ಈ ಜಾಗ ಪೂರ್ತಿ ಸಿಗದೆ ಹೋಗಬಹುದು. ಅದಕ್ಕೇ ಸ್ಕ್ಯಾನ್ ಮಾಡಿಸುವಾಗ ಬಾಯಿಬಿಟ್ಟು ಹೇಳಿ, ಕಂಕುಳನ್ನೂ ನೋಡಿ ಅಂತ.

ನನ್ನ ಸ್ಕ್ಯಾನ್ ಬೈರ್ಯಾಡ್ಸ್ 2 ಅಂತ ಬಂತು. ಕ್ಯಾನ್ಸರಿನ ಲಕ್ಷಣ ಏನೂ ಇಲ್ಲ ಅನ್ನುವುದರ ಅಂಕಿ ಅದು. ತೆಗೆಸಲೇಬೇಕು ಅಂತ ಯಾರೂ ಹೇಳಲಿಲ್ಲ. ನಾನೇ ತೆಗೆಸಿ ಅಂದೆ, ಬಲಗಡೆ ಮಾತ್ರ. ನೋವಿಗಾಗಿ ಅಂತ ಎಲ್ಲರಿಗೂ ಹೇಳಿದೆ. ನಿಜವೂ ಹೌದು. ಆದರೆ ಕೈ ಎತ್ತಿ ಬಸ್ಸಿನ ಕಂಬಿ ಹಿಡಿಯುವಾಗ 16 ವರ್ಷದಿಂದ ಸೆರಗು ಎಳೆದುಕೊಂಡು ಸಾಕಾಗಿತ್ತು, ಅದೂ ನಿಜ.

ಇನ್ಶೂರೆನ್ಸಿನವರು ಮೊದಲು ಇದು ಅಂದಕ್ಕೆ ಮಾಡಿಸುವ ಆಪರೇಷನ್ ಅಂತ ವಾಪಸ್ ಕಳಿಸಿದರು. ಹಾಸನದ ಹಳೆಯ ರಿಪೋರ್ಟು, ಹೊಸ ಸ್ಕ್ಯಾನು, ನೋವಿನ ವಿವರ ಬರೆದ ಡಾಕ್ಟರ ಪತ್ರ, ಎಲ್ಲ ಸೇರಿಸಿ ಮತ್ತೆ ಹಾಕಿದ ಮೇಲೆ ಒಪ್ಪಿದರು. ಹಳೆಯ ಕಾಗದ ಎಸೆಯಬೇಡಿ.

2022ರ ಮೇ. ಆಪರೇಷನ್ನಿಗೆ ಮುಂಚೆ ನಿಲ್ಲಿಸಿ, ಕೈ ಎತ್ತಿಸಿ, ನೇರಳೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿದರು. ಮಲಗಿದರೆ ಗ್ರಂಥಿ ಜಾರಿ ಹರಡಿಕೊಳ್ಳುತ್ತದೆ, ಅದಕ್ಕೇ ನಿಂತಾಗಲೇ. ಪೂರ್ತಿ ಅರಿವಳಿಕೆ. ಎಚ್ಚರವಾದಾಗ ಕಂಕುಳಿನ ಮಡಿಕೆಯಲ್ಲಿ ಬ್ಯಾಂಡೇಜು, ಅದರಿಂದ ಹೊರಟ ಒಂದು ನಳಿಕೆ, ತುದಿಯಲ್ಲಿ ಕೆಂಪು ನೀರು ತುಂಬುವ ಪುಟ್ಟ ಡಬ್ಬಿ. ಮೂರು ದಿನ ಅದನ್ನು ನೈಟಿಗೆ ಪಿನ್ನು ಹಾಕಿಕೊಂಡು ಓಡಾಡಿದೆ. ನಳಿಕೆ ತೆಗೆದ ವಾರದಲ್ಲಿ ಅದೇ ಜಾಗ ಮತ್ತೆ ಊದಿಕೊಂಡಿತು. ಎದೆ ಧಸಕ್ ಅಂತು. ಖಾಲಿಯಾದ ಜಾಗದಲ್ಲಿ ನೀರು ಸೇರಿಕೊಂಡಿದೆ, ಹೀಗಾಗುವುದುಂಟು ಅಂತ ಸಿರಿಂಜಿನಲ್ಲಿ ಎಳೆದರು. ಎರಡು ಸಲ ಎಳೆದ ಮೇಲೆ ನಿಂತಿತು. ಕೈ ಬಿಗಿಯಬಾರದು ಅಂತ ದಿನಾ ಗೋಡೆಯ ಮೇಲೆ ಬೆರಳು ನಡೆಸಿಕೊಂಡು ಮೇಲೆ ಹೋಗುವ ವ್ಯಾಯಾಮ. ಎಷ್ಟು ಎತ್ತರ ಹೋದೆ ಅಂತ ಮಗಳು ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದಳು. ಬಾಡಿಗೆ ಮನೆ, ಗೋಡೆ ಹಾಳಾಯಿತು. ಮೂರು ವಾರ ಅವಳನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ, ಅದು ಗಾಯಕ್ಕಿಂತ ಕಷ್ಟವಾಯಿತು.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಹಾಲಿನ ನಾಳ, ಹಾಲಿನ ಗ್ರಂಥಿ, ಸುತ್ತ ಕೊಬ್ಬು, ಕೆಟ್ಟದ್ದೇನೂ ಇಲ್ಲ ಅಂತ ಬಂತು. ಕೊಬ್ಬೂ ಇತ್ತು ಅಂತ ಅಮ್ಮನಿಗೆ ಓದಿ ಹೇಳಿದೆ. "ನಾನು ಅವತ್ತೇ ಹೇಳಿರ್ಲಿಲ್ವಾ" ಅಂದರು.

ಎಡಗಡೆಯದು ಹಾಗೇ ಇದೆ. ಇನ್ನೊಂದು ಹೆರಿಗೆಯಾದರೆ ಅದು ಊದಿಕೊಳ್ಳುತ್ತದೆ, ಗೊತ್ತು. ಮುಟ್ಟು ಮುಗಿದು ಎರಡು ಮೂರು ದಿನಕ್ಕೆ, ಗ್ರಂಥಿ ಮೆತ್ತಗಿರುವಾಗ, ಎದೆ ನೋಡಿಕೊಳ್ಳುವ ಜೊತೆಗೆ ಬೆರಳನ್ನು ಕಂಕುಳಿನವರೆಗೂ ತರುತ್ತೇನೆ.

ಬಲತೋಳಿನ ಒಳಭಾಗದಲ್ಲಿ ಒಂದು ಅಂಗೈ ಅಗಲದ ಜಾಗಕ್ಕೆ ಸ್ಪರ್ಶ ಪೂರ್ತಿ ಬಂದಿಲ್ಲ. ಪಕ್ಕೆಲುಬಿನ ನಡುವಿನಿಂದ ಹೊರಟು ಕಂಕುಳು ದಾಟಿ ತೋಳಿಗೆ ಹೋಗುವ ಒಂದು ನರ ಆಪರೇಷನ್ನಿನ ದಾರಿಯಲ್ಲೇ ಸಿಗುತ್ತದೆ, ಮರಗಟ್ಟಬಹುದು ಅಂತ ಮೊದಲೇ ಹೇಳಿದ್ದರು. ಮಗಳಿಗೆ ಇದು ಆಟ. ನಾನು ಟೀವಿ ನೋಡುವಾಗ ಪಕ್ಕದಲ್ಲಿ ಕೂತು ಸ್ಕೆಚ್ ಪೆನ್ನಿನಲ್ಲಿ ಮೆಲ್ಲಗೆ ಏನೋ ಬರೆಯುತ್ತಾಳೆ, ಗೊತ್ತಾಯಿತಾ ಅಂತ ಮುಖ ನೋಡುತ್ತಾಳೆ. ಮೊನ್ನೆ ಸ್ನಾನಕ್ಕೆ ಹೋದಾಗ ನೋಡಿದೆ, ಒಂದು ಹಸು ಇತ್ತು. ಕೆಚ್ಚಲಿಗೆ ಐದು ಗೀಟು ಎಳೆದಿದ್ದಳು. ಮುತ್ತಜ್ಜಿ ಕತೆ ಹೇಳಿರಬೇಕು.